ಒಬ್ಬನ ಅವಸರ, ಎಲ್ಲರ ಬ್ಯಾಟರಿ: ಲಿನಕ್ಸ್‌ನ ಪಿಎಂ ಕ್ಯೂಓಎಸ್

ಡೊಂಬಿವಲಿ, ಕಲ್ಯಾಣದಿಂದ ಬಂದು ಠಾಣೆಯಲ್ಲಿ ಇಳಿದು, ಟ್ರಾನ್ಸ್-ಹಾರ್ಬರ್ ಲೋಕಲ್ ಹಿಡಿದು ಐರೋಲಿ, ಘನ್ಸೋಲಿಗೆ ಕೆಲಸಕ್ಕೆ ಹೋಗೋರು ನಮ್ಮಲ್ಲಿ ಬಹಳ ಜನ. ಸ್ಟೇಷನ್ ಹೊರಗಿನ ರಿಕ್ಷಾ ನೋಡಿರ್ತೀರಿ. ಗಿರಾಕಿ ಇಲ್ಲದಾಗ ಇಂಜಿನ್ ಬಂದ್. ಗ್ಯಾಸ್ ಉಳಿಯುತ್ತೆ, ಆದರೆ ಮತ್ತೆ ಚಾಲೂ ಮಾಡೋಕೆ ಸ್ವಲ್ಪ ಹೊತ್ತು ಬೇಕು. ಸಿಪಿಯು ಕೂಡ ಹಾಗೇ. ನಿದ್ದೆ ಆಳವಾದಷ್ಟೂ ಕರೆಂಟ್ ಉಳಿತಾಯ ಜಾಸ್ತಿ, ಏಳೋದಕ್ಕೆ ಸಮಯವೂ ಜಾಸ್ತಿ.

"ಇಷ್ಟು ಮೈಕ್ರೋಸೆಕೆಂಡಿಗಿಂತ ಹೆಚ್ಚು ಕಾಯೋಕಾಗಲ್ಲ" ಅಂತ ಪ್ರೋಗ್ರಾಮ್ ಕರ್ನಲ್‌ಗೆ ಹೇಳೋ ದಾರಿಯೇ ಪಿಎಂ ಕ್ಯೂಓಎಸ್. ಒಬ್ಬ 500 ಅಂದ, ಇನ್ನೊಬ್ಬ 20 ಅಂದ ಅಂದ್ರೆ ನಡೆಯೋದು 20. ಏಳೋಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುವ ನಿದ್ದೆಗೆ ಸಿಪಿಯು ಇಳಿಯಲ್ಲ.

ನನ್ನದೇ ತಪ್ಪು ಹೇಳ್ತೀನಿ. ಬ್ಯಾಟರಿ ಮೇಲೆ ಓಡುವ ಒಂದು ಯಂತ್ರದಲ್ಲಿ ಆಡಿಯೋ ತುಂಡು ತುಂಡಾಗ್ತಿತ್ತು. ಡೆವ್ ಫೋಲ್ಡರ್‌ನ ಸಿಪಿಯು_ಡಿಎಂಎ_ಲೇಟೆನ್ಸಿ ಫೈಲಿಗೆ ಎಕೋ ಕಮಾಂಡ್‌ನಿಂದ 0 ಬರೆದೆ. ಏನೂ ಬದಲಾಗಲಿಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯ್ತು: ಫೈಲ್ ತೆರೆದಿರೋ ತನಕ ಮಾತ್ರ ಬೇಡಿಕೆ ಜೀವಂತ. ಎಕೋ ಬರೆದ ತಕ್ಷಣ ಮುಚ್ಚಿಬಿಡುತ್ತೆ, ಬೇಡಿಕೆಯೂ ಹೋಗುತ್ತೆ. ಇದು ಒಳ್ಳೇದೇ, ಪ್ರೋಗ್ರಾಮ್ ಕ್ರ್ಯಾಶ್ ಆದರೂ ಬೇಡಿಕೆ ಹಿಂದೆ ಉಳಿಯಲ್ಲ.

ಸರಿ, ಫೈಲ್ ತೆರೆದಿಟ್ಟುಕೊಂಡು ಕೂರೋ ಸಣ್ಣ ಪ್ರೋಗ್ರಾಮ್ ಬರೆದು, ಬೂಟ್ ಆದಾಗಲೇ ಶುರುವಾಗೋ ಹಾಗೆ ಹಾಕಿದೆ. ಆಡಿಯೋ ಸರಿಯಾಯ್ತು. ರಾತ್ರಿ ಫುಲ್ ಚಾರ್ಜ್ ಇದ್ದ ಯಂತ್ರ ಬೆಳಿಗ್ಗೆ ಸತ್ತಿತ್ತು! 0 ಅಂದ್ರೆ ಸಿಪಿಯುಗೆ ರೆಪ್ಪೆ ಮುಚ್ಚೋಕೂ ಬಿಡಲ್ಲ ಅಂತ.

ಪರಿಹಾರ ಸುಲಭ ಇತ್ತು. ಆಡಿಯೋ ಶುರುವಾದಾಗ ಫೈಲ್ ತೆರೆ, ಮುಗಿದಾಗ ಮುಚ್ಚು. 0 ಬದಲು ಅಳೆದ ಸಂಖ್ಯೆ ಕೊಡು. ಪ್ರತಿ ನಿದ್ದೆಯಿಂದ ಏಳೋಕೆ ಎಷ್ಟು ಹೊತ್ತು ಅನ್ನೋದು ಸಿಸ್‌ಎಫ್‌ಎಸ್‌ನ ಸಿಪಿಯುಐಡಲ್ ಫೋಲ್ಡರ್‌ನಲ್ಲಿ, ಲೇಟೆನ್ಸಿ ಫೈಲ್‌ನಲ್ಲೇ ಇರುತ್ತೆ.

ಇನ್ನೊಂದು ಗುಂಡಿ ಇದೆ, ಬೀಳಬೇಡಿ. ಸಿಪಿಯುಗೆ ಅಲ್ಲದೆ ಒಂದೊಂದು ಡಿವೈಸ್‌ಗೂ ಮಿತಿ ಹಾಕಬಹುದು. ಆ ಪಿಎಂ_ಕ್ಯೂಓಎಸ್_ರೆಸ್ಯೂಮ್_ಲೇಟೆನ್ಸಿ_ಯುಎಸ್ ಫೈಲಿನಲ್ಲಿ 0 ಅಂದ್ರೆ ಅರ್ಥ ಉಲ್ಟಾ: "ಎಷ್ಟಾದರೂ ಕಾಯ್ತೀನಿ". ಕಾಯೋಕೇ ಆಗಲ್ಲ ಅಂದ್ರೆ "ಎನ್/ಎ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು.

ರಿಕ್ಷಾದವನಿಗೆ "ಇಂಜಿನ್ ಆನ್ ಇಡಪ್ಪಾ, ಬಂದೆ" ಅಂತ ಹೇಳಿ ಮನೆಗೆ ಹೋಗಿ ಮಲಗಬೇಡಿ. ಕೆಲಸ ಮುಗಿದ ಮೇಲೆ ಹೇಳಿ ಹೋಗಿ.

ನಿಮ್ಮ ಬೋರ್ಡ್‌ನಲ್ಲಿ ಆ ಫೈಲ್ ಯಾರು ತೆರೆದಿಟ್ಟಿದ್ದಾರೆ, ಇವತ್ತೇ ಎಲ್‌ಎಸ್‌ಓಎಫ್ ಹಾಕಿ ನೋಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.