ಕಣ್ಣಿನ ಕೆಳಗಿನ ಗುಳಿ ಮತ್ತು ಊತ: ಕಾರಣಗಳು, ಅನುಭವಗಳು ಹಾಗೂ ಸದಸ್ಯರು ಗಮನಿಸಬೇಕಾದ ಅಂಶಗಳು

(ಬೇತಮಂಗಲದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಕೆರೆಯ ಏರಿಯನ್ನು ಬಲ್ಲ ಬೇತಮಂಗಲದವರಿಗೆ ಒಂದು ಸಂಗತಿ ಹೊಸದೇನಲ್ಲ. ಕೆರೆ ತುಂಬಿದಾಗ ಏರಿಯ ಹಿಂದಿನ ತಗ್ಗಿನಲ್ಲಿ ನೀರು ಜಿನುಗುತ್ತದೆ. ಕೆರೆ ಬತ್ತಿದ ವರ್ಷ ಅದೇ ತಗ್ಗು ಒಣಗಿ ಬಿರುಕು ಬಿಡುತ್ತದೆ. ಶರೀರದಲ್ಲಿ ಅಂತಹ ತಗ್ಗು ಎಂದರೆ ಕಣ್ಣಿನ ಕೆಳಭಾಗ. ಶರೀರದೊಳಗಿನ ನೀರಿನ ಲೆಕ್ಕ ಏರುಪೇರಾದಾಗ ಅಲ್ಲಿ ಊತವಾಗಿಯೋ ಗುಳಿಯಾಗಿಯೋ ಕಾಣಿಸುತ್ತದೆ. ಇದನ್ನು ಕೇವಲ ಅಂದಚಂದದ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಕಣ್ಣರೆಪ್ಪೆಯ ಚರ್ಮ ಇಡೀ ಶರೀರದಲ್ಲಿಯೇ ಅತ್ಯಂತ ತೆಳುವಾದುದು. ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅದರ ಅಡಿಯ ಅಂಗಾಂಶ ಸಡಿಲವಾಗಿರುವುದರಿಂದ ಅಲ್ಪ ನೀರು ಸೇರಿದರೂ ಉಬ್ಬುತ್ತದೆ. ರಾತ್ರಿ ಮಲಗಿದಾಗ ಕಾಲಿನ ಕಡೆಯ ನೀರು ಶರೀರದಾದ್ಯಂತ ಸಮನಾಗಿ ಹರಡಿಕೊಳ್ಳುತ್ತದೆ. ಎದ್ದು ಓಡಾಡಿದ ಮೇಲೆ ಗುರುತ್ವದಿಂದ ಕೆಳಗಿಳಿಯುತ್ತದೆ. ಬೆಳಿಗ್ಗೆ ಊದಿದ್ದ ಕಣ್ಣು ಮಧ್ಯಾಹ್ನದ ವೇಳೆಗೆ ಸರಿಹೋಗುವುದು ಇದರಿಂದಲೇ. ಹಿಂದಿನ ರಾತ್ರಿಯ ಉಪ್ಪಿನಕಾಯಿ, ಹಪ್ಪಳ, ಅಳು, ನಿದ್ರಾಭಂಗ ಇವೆಲ್ಲ ಊತವನ್ನು ಹೆಚ್ಚಿಸುತ್ತವೆ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇಂತಹ ಊತದಲ್ಲಿ ನೋವಿರುವುದಿಲ್ಲ. ರೆಪ್ಪೆ ಭಾರವಾದಂತೆ, ಚರ್ಮ ಬಿಗಿದಂತೆ ಅನಿಸುತ್ತದೆ, ಅಷ್ಟೆ.

ಈ ಭಾಗದಲ್ಲಿ ನಿದ್ರಾಭಂಗಕ್ಕೆ ಕಾರಣಗಳು ಬೇಕಾದಷ್ಟಿವೆ. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ನಂತರ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರು ಸಾವಿರಾರು ಮಂದಿ. ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕುವ ಮನೆಗಳಲ್ಲಿಯೂ ಆ ದಿನಗಳಲ್ಲಿ ಪೂರ್ಣ ನಿದ್ರೆ ಇರುವುದಿಲ್ಲ. ಇವರ ಕಣ್ಣಿನ ಕೆಳಗಿನ ಕಪ್ಪು, ಗುಳಿ, ಉರಿಗಳಿಗೆ ಅಂಗಡಿಯ ಮುಲಾಮಿನಿಂದ ಪರಿಹಾರ ದೊರೆಯದು. ವೈದ್ಯರ ಸಲಹೆಯಿಲ್ಲದೆ ಮಾರಾಟವಾಗುವ ಕೆಲವು ಬಿಳುಪಿನ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇದ್ದು, ತೆಳು ಚರ್ಮವನ್ನು ಅವು ಮತ್ತಷ್ಟು ತೆಳುವಾಗಿಸುತ್ತವೆ.

ತುರಿಕೆಯಿದ್ದರೆ ಕಾರಣ ಬೇರೆ; ಅದು ಬಹುಮಟ್ಟಿಗೆ ಅಲರ್ಜಿ. ರೇಷ್ಮೆ ಚಿಟ್ಟೆಯ ರೆಕ್ಕೆಯ ಹುಡಿ, ಧೂಳು, ಪಾರ್ಥೇನಿಯಂ ಗಿಡ ಇವು ರೆಪ್ಪೆಯನ್ನು ಊದಿಸಬಲ್ಲವು. ಪಾರ್ಥೇನಿಯಂ ಕೀಳಿಸುವಾಗ ಕೈಗವಸು ಮತ್ತು ಮುಖದ ಮರೆ ಒದಗಿಸುವುದು ಪಂಚಾಯಿತಿಯಿಂದ ಆಗಬಹುದಾದ ಕೆಲಸ. ಇನ್ನು ವಯಸ್ಸಾದವರಲ್ಲಿ ಕಣ್ಣಿನ ಕೆಳಗಿನ ಪೊರೆ ಸಡಿಲಗೊಂಡು ಕೊಬ್ಬು ಮುಂದಕ್ಕೆ ಜಾರಿ ಚೀಲದಂತಾಗುತ್ತದೆ. ಕೆನ್ನೆಯ ಕೊಬ್ಬು ಇಳಿದು ಗುಳಿ ಎದ್ದು ಕಾಣುತ್ತದೆ. ಕೆಲವು ಮನೆತನಗಳಲ್ಲಿ ಇದು ಎಳೆಯ ವಯಸ್ಸಿನಿಂದಲೇ ಇರುತ್ತದೆ. ಇವುಗಳಿಗೆ ಆತಂಕ ಬೇಡ. ಜಿಲ್ಲೆಯಲ್ಲಿ ಎಲ್ಲದಕ್ಕೂ ಕೊಳವೆಬಾವಿಯ ಫ್ಲೋರೈಡನ್ನೇ ದೂರುವ ರೂಢಿಯಿದೆ. ಫ್ಲೋರೈಡಿನ ಗುರುತನ್ನು ಹಲ್ಲು ಮತ್ತು ಮೂಳೆಗಳಲ್ಲಿ ಹುಡುಕಬೇಕೇ ಹೊರತು ಕಣ್ಣಿನ ಕೆಳಗಲ್ಲ.

ಆತಂಕಪಡಬೇಕಾದ ಊತ ಯಾವುದು? ಮಧ್ಯಾಹ್ನವಾದರೂ ಇಳಿಯದ, ದಿನದಿಂದ ದಿನಕ್ಕೆ ಹೆಚ್ಚುವ ಊತ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ನೀರನ್ನು ರಕ್ತನಾಳದೊಳಗೆ ಹಿಡಿದಿಡುತ್ತದೆ. ಮೂತ್ರಪಿಂಡದಲ್ಲಿ ಅದು ಸೋರಿಹೋದರೆ ನೀರು ಹೊರಗೆ ಜಿನುಗಿ ಮೊದಲು ಕಣ್ಣಿನ ಸುತ್ತ, ನಂತರ ಕಾಲು, ಹೊಟ್ಟೆಗಳಲ್ಲಿ ನಿಲ್ಲುತ್ತದೆ. ಶಾಲೆಗೆ ಹೋಗುವ ಮಗುವಿನ ಮುಖ ಬೆಳಿಗ್ಗೆ ಊದಿ, ಮೂತ್ರ ನೊರೆಯಾಗಿದ್ದರೆ ಅಥವಾ ಕಡಿಮೆಯಾಗಿದ್ದರೆ ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಕಜ್ಜಿಯ ಹುಣ್ಣು ಅಥವಾ ಗಂಟಲುನೋವು ಬಂದುಹೋದ ಕೆಲವು ವಾರಗಳ ನಂತರ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೂ ಹಾಗೆಯೇ. ಐದು ತಿಂಗಳು ದಾಟಿದ ಗರ್ಭಿಣಿಯ ಮುಖ ಊದಿ, ತಲೆನೋವು ಬಂದು, ಕಣ್ಣು ಮಂಜಾದರೆ ಅದು ತುರ್ತು ಸಂದರ್ಭ. ರಕ್ತದೊತ್ತಡ 140/90 ಮುಟ್ಟಿದ್ದರೆ ತಾಯಿ ಮಗು ಇಬ್ಬರಿಗೂ ಅಪಾಯವಿದೆ. “ಬಸುರಿಗೆ ಊತ ಸಹಜ” ಎಂದು ಹಿರಿಯರು ಹೇಳುವುದುಂಟು. ಸಂಜೆ ಪಾದ ಊದುವುದು ಹಲವರಲ್ಲಿ ಸಹಜವೇ. ಮುಖ ಊದಿದರೆ ಅದೇ ದಿನ ರಕ್ತದೊತ್ತಡ ನೋಡಿಸಬೇಕು.

ಊತಕ್ಕೆ ದಿನಗಳ ಅವಕಾಶವಾದರೂ ಇರುತ್ತದೆ. ಭೇದಿಯಾಗುತ್ತಿರುವ ಮಗುವಿನ ಕಣ್ಣು ಗುಳಿಬಿದ್ದರೆ ಗಂಟೆಗಳ ಅವಕಾಶ ಮಾತ್ರ. ಶರೀರದ ನೀರು ಹೋದಾಗ ಕಣ್ಣುಗುಡ್ಡೆಯ ಹಿಂದಿನ ಭಾಗ ಕುಗ್ಗಿ ಕಣ್ಣು ಒಳಸರಿಯುತ್ತದೆ. ಮಗು ಚಡಪಡಿಸುತ್ತದೆ, ನೀರು ಕೊಟ್ಟರೆ ಆತುರದಿಂದ ಕುಡಿಯುತ್ತದೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಅದು ನಿಧಾನವಾಗಿ ಸಮನಾಗುತ್ತದೆ. ಇವುಗಳಲ್ಲಿ ಎರಡು ಲಕ್ಷಣ ಕಂಡರೂ ನಿರ್ಜಲೀಕರಣವಿದೆ ಎಂದರ್ಥ. ಮಗು ಮಂಕಾಗಿ, ಕುಡಿಯಲೂ ಆಗದೆ, ಚಿವುಟಿದ ಚರ್ಮ 2 ಸೆಕೆಂಡಿಗೂ ಹೆಚ್ಚು ಹೊತ್ತು ಮಡಿಕೆಯಾಗಿಯೇ ನಿಂತರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಕೃಶವಾದ ಮಗುವಿನ ಕಣ್ಣು ಎಂದಿನಿಂದಲೂ ಗುಳಿಬಿದ್ದಂತೆ ಇರಬಹುದು, ಆದುದರಿಂದ “ಇವನ ಕಣ್ಣು ಎಂದಿನಂತಿದೆಯೇನಮ್ಮ?” ಎಂದು ತಾಯಿಯನ್ನು ಕೇಳುವಂತೆ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ನೀಡಲಾಗುತ್ತದೆ. ತಾಯಿಯ ಉತ್ತರಕ್ಕೆ ಅಲ್ಲಿ ತೂಕವಿದೆ.

ಹಲ್ಲು ಬರುವಾಗ ಭೇದಿಯಾಗುತ್ತದೆ, ದೃಷ್ಟಿ ತಾಗಿದೆ, ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ ಎಂಬ ಮಾತುಗಳು ಇಂದಿಗೂ ಕೇಳಿಬರುತ್ತವೆ. ದೃಷ್ಟಿ ತೆಗೆಯುವವರೊಡನೆ ವಾದಕ್ಕೆ ನಿಲ್ಲುವುದರಿಂದ ಫಲವಿಲ್ಲ. ಒಂದು ಕಡೆ ಅದು ನಡೆಯುತ್ತಿರಲಿ, ಇನ್ನೊಂದು ಕಡೆ ಓಆರ್‌ಎಸ್ ಕುಡಿಸುವಂತೆ ನೋಡಿಕೊಳ್ಳಬೇಕು. ಪೊಟ್ಟಣದ ಮೇಲೆ ಬರೆದಿರುವಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ, 24 ಗಂಟೆಯೊಳಗೆ ಬಳಸಬೇಕು. ಪ್ರತಿ ಭೇದಿಯ ನಂತರ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ದೊಡ್ಡ ಮಗುವಿಗೆ 100ರಿಂದ 200 ಮಿಲಿಲೀಟರ್ ಕೊಡಬೇಕು. ವಾಂತಿಯಾದರೆ 10 ನಿಮಿಷ ತಡೆದು ಚಮಚದಿಂದ ನಿಧಾನವಾಗಿ ಕುಡಿಸಬೇಕು. ಎದೆಹಾಲು ನಿಲ್ಲಿಸಬಾರದು. ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು.

ಭೇದಿಯ ಮೂಲ ಹಲವು ಬಾರಿ ಪಂಚಾಯಿತಿಯ ಕೊಳವೆಯಲ್ಲಿಯೇ ಇರುತ್ತದೆ. 20ನೆಯ ಶತಮಾನದ ಆರಂಭದಲ್ಲಿಯೇ ಬೇತಮಂಗಲದ ಜಲಾಗಾರ ಪಾಲಾರ್ ನೀರನ್ನು ಶೋಧಿಸಿ ಚಿನ್ನದ ಗಣಿ ಪ್ರದೇಶಕ್ಕೆ ಕಳುಹಿಸುತ್ತಿತ್ತು. ಇಂದು ಗ್ರಾಮಗಳಲ್ಲಿ ನೀರು ದಿನದ ಕೆಲವೇ ಹೊತ್ತು ಬರುತ್ತದೆ. ಪಂಪು ನಿಂತೊಡನೆ ಕೊಳವೆಯೊಳಗಿನ ಒತ್ತಡ ಇಳಿದು, ಚರಂಡಿಯ ಪಕ್ಕದ ಸಣ್ಣ ಸೋರಿಕೆಯ ಮೂಲಕವೇ ಕೊಳೆನೀರು ಒಳಗೆ ಎಳೆದುಕೊಳ್ಳುತ್ತದೆ. ಟ್ಯಾಂಕಿಗೆ ಕ್ಲೋರಿನ್ ಹಾಕಿದ್ದರೂ ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ವಾಟರ್‌ಮನ್ ಪರೀಕ್ಷೆಯನ್ನು ಟ್ಯಾಂಕಿನ ಬುಡದಲ್ಲಿ ಮಾಡಿ ಮುಗಿಸದೆ, ಬೀದಿಯ ಕೊನೆಯ ನಲ್ಲಿಯಲ್ಲಿ ಮಾಡಿ ವಹಿಯಲ್ಲಿ ಬರೆಯಬೇಕು. ಸದಸ್ಯರು ಆ ವಹಿಯನ್ನು ಕೇಳಿ ನೋಡುವ ಅಧಿಕಾರವುಳ್ಳವರು. ಒಂದೇ ಬೀದಿಯಲ್ಲಿ ಎರಡು ಮೂರು ಮಕ್ಕಳಿಗೆ ಭೇದಿ ಎಂದು ಆಶಾ ಕಾರ್ಯಕರ್ತೆ ಹೇಳಿದ ದಿನ ಆ ಬೀದಿಯ ಕೊಳವೆಯನ್ನು ಅಗೆಸಿ ನೋಡಬೇಕು. ಅಲ್ಲಿಯವರೆಗೆ ಟ್ಯಾಂಕರಿನಿಂದ ನೀರು ಕೊಡಬೇಕು, ಕುದಿಸಿ ಆರಿಸಿ ಕುಡಿಯುವಂತೆ ಮನೆಮನೆಗೆ ತಿಳಿಸಬೇಕು. ಓಆರ್‌ಎಸ್ ಪೊಟ್ಟಣ ರಾತ್ರಿ ವೇಳೆ ಯಾರ ಮನೆಯಲ್ಲಿ ಸಿಗುತ್ತದೆ ಎಂಬುದನ್ನು ಪ್ರತಿ ಗ್ರಾಮದ ಹಾಲಿನ ಡೇರಿ ಮತ್ತು ಅಂಗನವಾಡಿಯ ಗೋಡೆಯ ಮೇಲೆ ಬರೆಸುವುದಕ್ಕೆ ಮುಂದಿನ ಸಾಮಾನ್ಯ ಸಭೆಯವರೆಗೂ ಕಾಯಬೇಕಾಗಿಲ್ಲ.