ಗಂಡಸರ ಆಪರೇಷನ್ ಎಂದರೆ ನಮಗೇಕೆ ನಗು?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳು ಸಾಕೆಂದು ಆಪರೇಷನ್ ಮಾಡಿಸಿಕೊಂಡವರು ಕೈ ಎತ್ತಿ ಎಂದು ಈಗ ತಾನೆ ಕೇಳಿದೆ. ಮುಕ್ಕಾಲು ಪಾಲು ಕೈಗಳು ಎದ್ದವು. ಯಾರ ಯಜಮಾನರು ಮಾಡಿಸಿಕೊಂಡಿದ್ದಾರೆ ಎಂದಾಗ ಒಂದು ಕೈಯೂ ಏಳಲಿಲ್ಲ, ನಗು ಎದ್ದಿತು. ತಪ್ಪು ಹುಡುಕಲು ಕೇಳಿದ್ದಲ್ಲ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂವತ್ತು ವರ್ಷ ಕಾಲೇಜಿನಲ್ಲಿ ಕುಟುಂಬದ ಪಾಠ ಹೇಳಿದ ನಾನೂ ಎರಡನೆಯ ಹೆರಿಗೆಯಾದ ಮೇಲೆ ನಾನೇ ಹೋಗಿ ಮಲಗಿದವಳು. ಅವರನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವರಿಗೂ ಹೊಳೆಯಲಿಲ್ಲ!

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿ. ದೇಶದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 38 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡದ್ದು ಸಾವಿರಕ್ಕೆ ಮೂರು ಮನೆಯಲ್ಲಿ. ಕರ್ನಾಟಕದಲ್ಲಿ ಹೆಂಗಸರ ಪಾಲು ನೂರಕ್ಕೆ 57. ಗಂಡಸರದು ಲೆಕ್ಕಕ್ಕೇ ಸಿಗದು.

ಮೊದಲಿನಿಂದಲೂ ಹೀಗಿರಲಿಲ್ಲ. 1971ರ ಜುಲೈನಲ್ಲಿ ಕೇರಳದ ಎರ್ನಾಕುಲಂನ ಒಂದೇ ಶಿಬಿರದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಗಂಡಸರು ಮಾಡಿಸಿಕೊಂಡರು. ಆಮೇಲೆ ತುರ್ತು ಪರಿಸ್ಥಿತಿ ಬಂತು. 1976-77ರಲ್ಲಿ ದೇಶದಲ್ಲಿ ಆದ ಎಂಬತ್ತು ಲಕ್ಷಕ್ಕೂ ಮಿಕ್ಕಿದ ಆಪರೇಷನ್‌ಗಳಲ್ಲಿ ಮುಕ್ಕಾಲು ಪಾಲು ಗಂಡಸರದು. ಅನೇಕ ಕಡೆ, ಅದರಲ್ಲೂ ಉತ್ತರದಲ್ಲಿ, ಹಿಡಿದು ತಂದು ಮಾಡಿಸಿದ್ದು. 1977ರ ಚುನಾವಣೆಯಲ್ಲಿ ಸರ್ಕಾರವೇ ಬಿತ್ತು. ಬಳಿಕ ಬಂದ ಯಾವ ಸರ್ಕಾರಕ್ಕೂ ಗಂಡಸರ ತಂಟೆಗೆ ಹೋಗುವ ಧೈರ್ಯ ಬರಲಿಲ್ಲ. ಗುರಿ ಹೆಂಗಸರ ಕಡೆ ತಿರುಗಿತು. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಶಿಬಿರದಲ್ಲಿ ಒಬ್ಬ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಆ ಶಿಬಿರದಿಂದ ಮನೆಗೆ ಹೋದ ಹೆಂಗಸರು ಒಬ್ಬರ ಹಿಂದೆ ಒಬ್ಬರು ಸತ್ತರು.

ಆದರೆ ಸರ್ಕಾರವನ್ನು ಮಾತ್ರ ದೂರಿದರೆ ಸಾಲದು. "ದುಡಿಯೋ ಗಂಡಸು, ಅವನ ಮೈಗೆ ಕತ್ತರಿ ಹಾಕಿಸಬೇಡ" ಎನ್ನುವವರು ಯಾರು? ಅತ್ತೆ, ತಾಯಿ, ನಾವೇ. ನಾವು ಕೂಲಿಗೆ ಹೋಗುವುದು, ನೀರು ಹೊರುವುದು ದುಡಿಮೆಯಲ್ಲವೇ? ಹೋರಿಯ ಬೀಜ ಒಡೆಸಿದಂತೆ ಎಂಬ ಭಯ ಹಳ್ಳಿಯಲ್ಲಿದೆ. ಇದು ಅದಲ್ಲ. ಬೀಜವನ್ನು ಮುಟ್ಟುವುದೇ ಇಲ್ಲ, ವೀರ್ಯಾಣು ಸಾಗುವ ನಾಳವನ್ನಷ್ಟೇ ಕತ್ತರಿಸಿ ಕಟ್ಟುತ್ತಾರೆ. ಗಂಡಸುತನ ಕೊಡುವ ಹಾರ್ಮೋನು ರಕ್ತದಲ್ಲಿ ಹರಿಯುತ್ತದೆ, ಅದಕ್ಕೆ ಏನೂ ಆಗದು. ಹೊಟ್ಟೆ ಕೊಯ್ಯುವುದಿಲ್ಲ, ಅರ್ಧ ಗಂಟೆಯೂ ಬೇಡ, ಅದೇ ದಿನ ಮನೆಗೆ.

ಇನ್ನೊಂದು ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾಳೆ ಇವಳಿಗೆ ಏನಾದರೂ ಆದರೆ ಮಗನಿಗೆ ಇನ್ನೊಂದು ಮದುವೆ ಮಾಡಬೇಕಲ್ಲ! ಮತ್ತೊಂದು ವರದಕ್ಷಿಣೆಯ ಲೆಕ್ಕ ಅದರೊಳಗೇ ಇದೆ.

ಎಲ್ಲಕ್ಕಿಂತ ಕೆಟ್ಟದ್ದು ಅನುಮಾನ. ನನ್ನ ಬಳಿ ಸಲಹೆಗೆ ಬಂದ ಒಬ್ಬಾಕೆಯ ಗಂಡ ಸ್ವಂತ ಮನಸ್ಸಿನಿಂದ ಆಪರೇಷನ್ ಮಾಡಿಸಿಕೊಂಡಿದ್ದ. ಎರಡನೆಯ ತಿಂಗಳಿಗೆ ಆಕೆ ಬಸುರಿಯಾದಳು. "ಯಾರದು ಹೇಳು" ಎಂದು ಹೊಡೆದ. ತೋಳಿನ ಮೇಲೆ ಸೌದೆಯ ಏಟಿನ ಗುರುತು ನೋಡಿದೆ. ಆಪರೇಷನ್ ಆದ ಮೇಲೂ ಸುಮಾರು ಮೂರು ತಿಂಗಳು ವೀರ್ಯಾಣು ಉಳಿದಿರುತ್ತವೆ, ಅಲ್ಲಿಯವರೆಗೆ ನಿರೋಧ್ ಬಳಸಬೇಕೆಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮೊದಲು ಮೆಚ್ಚಬೇಕೆನಿಸಿದ ಆ ಗಂಡಸನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಾದರೂ ಒಪ್ಪಿದರೆ ಗಂಡ ಹೆಂಡತಿ ಇಬ್ಬರೂ ಕೂತು ವೈದ್ಯರ ಮಾತು ಕೇಳಿ. ಮೂರು ತಿಂಗಳ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲವೆಂಬ ಚೀಟಿ ಬರೆಸಿಕೊಳ್ಳಿ. ಆಮೇಲೂ ಅಪರೂಪಕ್ಕೆ ನಾಳ ಕೂಡಿಕೊಳ್ಳುವುದುಂಟು, ಅದನ್ನು ಅವರ ಎದುರಿಗೇ ವೈದ್ಯರಿಂದ ಹೇಳಿಸಿ. ಆ ಚೀಟಿಯನ್ನು ಸಂಘದ ಪಾಸ್‌ಬುಕ್ ಇಡುವ ಪೆಟ್ಟಿಗೆಯಲ್ಲೇ ಇಡಿ.