ಕೈಗೆ ಸಿಗದ ಆಕ್ಸಿಜನ್ ಸೆನ್ಸರ್ ಬಿಚ್ಚೂದು ಹ್ಯಾಂಗ?

ಪೆಟ್ರೋಲ್ ಕಾರು. ಚೆಕ್ ಎಂಜಿನ್ ಲೈಟ್ ಹತ್ತೈತಿ, ಮೈಲೇಜ್ ಬಿದ್ದೈತಿ. ಸ್ಕ್ಯಾನರ್ ಹಚ್ಚಿದ್ರ ಪಿ0135 ಅಂತ ಬಂತು. ಅಂದ್ರ ಮುಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ಲೈನಿನಾಗ ತೊಂದ್ರಿ ಐತಿ. ಪಿ0141 ಬಂದ್ರ ಕ್ಯಾಟಲಿಟಿಕ್ ಕನ್ವರ್ಟರ್ ದಾಟಿದ ಮ್ಯಾಲ ಇರೋ ಹಿಂದಿನ ಸೆನ್ಸರ್.

ಹೊಗಿಯೊಳಗ ಆಮ್ಲಜನಕ ಎಷ್ಟು ಉಳದೈತಿ ಅಂತ ಎಂಜಿನ್ನಿನ ಕಂಪ್ಯೂಟರಿಗೆ (ಇಸಿಯು) ಹೇಳೂದು ಈ ಸೆನ್ಸರಿನ ಕೆಲಸ. ತೂಕದಾಗ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ, ಆ ಲೆಕ್ಕ ಇದರ ಮ್ಯಾಲ ನಡೀತೈತಿ. ಸುಮಾರು 300 ಡಿಗ್ರಿ ಕಾಯೂತನಕ ಇದು ಸರಿಯಾದ ಸಿಗ್ನಲ್ ಕೊಡಂಗಿಲ್ಲ, ಅದಕ್ಕಂತ ಒಳಗ ಹೀಟರ್. ಹೊಸ ಸಾಮಾನೇನಲ್ರಿ ಇದು, 1976ರಾಗೇ ಬಾಷ್ ಕಂಪನಿಯವರದು ವೋಲ್ವೋ ಕಾರಿಗೆ ಬಂದಿತ್ತು. ಹೀಟರ್ ಆಮ್ಯಾಲ ಬಂತು.

ಕೋಡ್ ಬಂತಂತ ಸೀದಾ ವಿಜಯಪುರಕ್ಕ ಹೋಗಿ ಸೆನ್ಸರ್ ತರಬ್ಯಾಡ್ರಿ. ಮೊದಲ ಫ್ಯೂಜ್ ನೋಡ್ರಿ, ಆಮ್ಯಾಲ ವೈರ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲಾ ಕಡೆ ಎರಿ ನೆಲ. ಮಳಿ ಆದ ಮ್ಯಾಲ ಹೊಲದ ದಾರಿ ಹಾಯ್ದು ಬಂದ್ರ ಗಾಡಿ ಅಡಿಗೆ ಮಣ್ಣು ಮೆತ್ತಿ ಒಣಗ್ತೈತಿ. ಅದರ ಭಾರಕ್ಕ ಕ್ಲಿಪ್ ಕಿತ್ತು, ವೈರ್ ಜೋತುಬಿದ್ದು ಸೈಲೆನ್ಸರ್ ಪೈಪಿಗೆ ತಾಕಿ ಸುಟ್ರೂ ಇದೇ ಕೋಡ್ ಬರ್ತೈತಿ. ವೈರ್ ಚಲೋ ಇದ್ರ, ಕನೆಕ್ಟರ್ ಬಿಚ್ಚಿ ಹೀಟರಿನ ಎರಡು ಪಿನ್ನಿಗೆ ಮಲ್ಟಿಮೀಟರ್ ಹಿಡೀರಿ. ಬಹಳಷ್ಟು ಸೆನ್ಸರಿನ್ಯಾಗ ಅವು ಎರಡು ಬಿಳಿ ವೈರ್. ಕೆಲವೇ ಓಮ್ಸ್ ತೋರಿಸ್ಬೇಕು. ಓಪನ್ ಬಂದ್ರ ಹೀಟರ್ ಹೋಗೈತಿ.

ಈಗ ತ್ರಾಸಿನ ಕೆಲಸ. ಕೆಲವು ಗಾಡಿಯೊಳಗ ಮುಂದಿನ ಸೆನ್ಸರ್ ಎಂಜಿನ್ನಿನ ಹಿಂದ, ಫೈರ್‌ವಾಲ್ ಸಂದಿನ್ಯಾಗ ಇರ್ತೈತಿ. ಕಣ್ಣಿಗೆ ಕಾಣ್ತೈತಿ, ಪಾನಾ ತಿರುವಾಕ ಜಾಗ ಇರಂಗಿಲ್ಲ. 22ರ ಓಪನ್ ಪಾನಾ ಹಾಕಿ ಕುಸ್ತಿ ಹಿಡಿದ್ರ ಮೂಲಿ ಸವೀತಾವು. ಒಂದು ಬದಿ ಸೀಳಿರೋ ಸೆನ್ಸರ್ ಸಾಕೆಟ್ ಸಿಗ್ತೈತಿ, ಸೀಳಿನ್ಯಾಗಿಂದ ವೈರ್ ಹೊರಗ ಬರ್ತೈತಿ. ಅದಕ್ಕ ಉದ್ದನ ಎಕ್ಸ್‌ಟೆನ್ಶನ್ ಕೂಡಿಸಿ ಕೆಳಗಿಂದ ಹಾಕ್ರಿ. ಹಳೇದು ಹೋಗೇತಂತ ಖಾತ್ರಿ ಆದ್ರ ವೈರ್ ಕತ್ತರಿಸಿ ರಿಂಗ್ ಪಾನಾನೂ ಕೂಡಿಸಬಹುದು.

ಹಿಂದಿನ ರಾತ್ರಿ ತುಕ್ಕಿನ ಎಣ್ಣಿ ಹೊಡೀರಿ. ಮರುದಿನ ಎಂಜಿನ್ ಸ್ವಲ್ಪ ಓಡಿಸಿ, ಬೆಚ್ಚಗಿದ್ದಾಗ ಕೈಗವಸು ಹಾಕ್ಕೊಂಡು ಬಿಚ್ರಿ. ಪೂರ್ತಿ ತಣ್ಣಗಿದ್ದಾಗ ಜೋರು ಮಾಡಿದ್ರ ಪೈಪಿನ ಥ್ರೆಡ್ ಸಮೇತ ಕಿತ್ತು ಬರ್ತೈತಿ. ಕಿರ್ ಅಂದ್ರ ನಿಂದ್ರಿ, ಅರ್ಧ ಸುತ್ತು ಹಿಂದಕ್ಕ ತಿರುವಿ ಮತ್ತ ಎಣ್ಣಿ ಬಿಡ್ರಿ.

ಹೊಸದನ್ನ ಮೊದಲ ಕೈಲೇ ತಿರುವ್ರಿ. ಆ್ಯಂಟಿ ಸೀಜ್ ಪೇಸ್ಟ್ ಕಂಪನಿಯವರು ಹಚ್ಚಿರಲಿಲ್ಲಂದ್ರ ಥ್ರೆಡ್ಡಿಗೆ ಅಷ್ಟೇ ಸವರ್ರಿ, ಮುಂದಿನ ತುದಿಗೆ ತಾಕಬಾರದು. ಹತ್ರ ಎಲ್ಲೂ ಸಿಲಿಕೋನ್ ಗಮ್ ಬಳಸಬ್ಯಾಡ್ರಿ, ಅದರ ಹೊಗಿ ಹೊಸ ಸೆನ್ಸರನ್ನೂ ಕೆಡಿಸ್ತೈತಿ. ಕೊನಿಗೆ ಕೋಡ್ ಅಳಿಸಿ ಓಡಿಸಿ ನೋಡ್ರಿ.

ಬರೇ ಜ್ಯಾಕ್ ಮ್ಯಾಲ ನಿಂತ ಗಾಡಿ ಕೆಳಗ ಮಾತ್ರ ತೂರಬ್ಯಾಡ್ರಿ. ಹಿಂದಿನ ಸೆನ್ಸರ್ ಆದ್ರ ಸ್ಟ್ಯಾಂಡ್ ಕೊಟ್ಟು ನೀವೇ ಮಾಡ್ಕೋರಿ. ಮುಂದಿನದು ಆದ್ರ ಗುಂಡಿ ಇರೋ ಗ್ಯಾರೇಜಿಗೆ ಒಯ್ಯೂದೇ ಚಲೋ.